ಸಹಾಯ ಬೇಕು: ಪೂಲ್‌ನಲ್ಲಿ ಸೈಡ್ ಸ್ಪಿನ್ ಕೊಟ್ರೆ ಪಾಟ್ (ಬಾಲ್ ಪಾಕೆಟ್‌ಗೆ ಬೀಳಿಸೋದು) ತಪ್ಪುತ್ತೆ, ಕ್ಯೂ ಕೋಲಿನ ಶಾಫ್ಟ್ (ಮುಂದಿನ ಭಾಗ) ಬದಲಾಯಿಸ್ಲಾ?

ಎಲ್ಲರಿಗೂ ನಮಸ್ಕಾರ. ಪೂಲ್ ಆಡೋಕೆ ಶುರು ಮಾಡಿ ಎರಡು ವರ್ಷ ಆಯ್ತು, ಮುಂದಿನ ತಿಂಗಳು ಮೊದಲ್ನೇ ಸಲ 9 ಬಾಲ್ ಟೂರ್ನಮೆಂಟ್ ಆಡ್ತಿದ್ದೀನಿ, ಅದಕ್ಕೇ ತಲೆ ಕೆಟ್ಟೋಗಿದೆ.

ಬಿಳಿ ಬಾಲ್‌ಗೆ ನಡುಮಧ್ಯ ಹೊಡೆದ್ರೆ ಪಾಟ್ ಆರಾಮಾಗಿ ಬೀಳುತ್ತೆ. ಆದ್ರೆ ಪೊಸಿಷನ್‌ಗೆ, ಅಂದ್ರೆ ಮುಂದಿನ ಹೊಡೆತಕ್ಕೆ ಬಿಳಿ ಬಾಲ್ ಸರಿಯಾದ ಜಾಗಕ್ಕೆ ಬರ್ಲಿ ಅಂತ, ಬಲಗಡೆ ಸ್ಪಿನ್ ಕೊಟ್ಟು ಸ್ವಲ್ಪ ಜೋರಾಗಿ ಹೊಡೆದ್ರೆ ಬಿಳಿ ಬಾಲ್ ಎಡಕ್ಕೆ ಸರಿದುಬಿಡುತ್ತೆ, ನಿನ್ನೆ ಕೊನೇ 9ನೇ ನಂಬರ್ ಬಾಲ್ ಹಾಗೇ ಪಾಕೆಟ್ ಬಾಯಲ್ಲಿ ಎರಡು ಸಲ ಬಡಿದಾಡಿ ಹೊರಗೆ ಬಂದು ನಿಂತ್ಕೊಂಡಿತು, ತುಂಬಾ ಬೇಜಾರಾಯ್ತು. ನಿಧಾನಕ್ಕೆ ಹೊಡೆದಾಗ ಕೊನೇಲಿ ಮತ್ತೆ ಒಳಕ್ಕೆ ತಿರುಗುತ್ತೆ, ಹಾಗಾಗಿ ಎಷ್ಟು ಬಿಟ್ಟು ಗುರಿ ಇಡಬೇಕು ಅನ್ನೋದೇ ಲೆಕ್ಕಕ್ಕೆ ಸಿಗ್ತಿಲ್ಲ.

ನನ್ನದು 13 ಮಿಮೀ ಸಾದಾ ಮೇಪಲ್ ಶಾಫ್ಟ್, ಕ್ಯೂ 19 ಔನ್ಸ್. ಕ್ಯೂ ತುದೀಲಿ ಬಾಲ್‌ಗೆ ತಗಲೋ ಟಿಪ್ ಗಾಜಿನ ಥರ ಹೊಳೀತಿತ್ತು, ಚಾಕ್ ಹಿಡೀತಾನೇ ಇರ್ಲಿಲ್ಲ, ಉಜ್ಜಿ ಸರಿ ಮಾಡಿದ್ಮೇಲೆ ಮಿಸ್‌ಕ್ಯೂ (ಟಿಪ್ ಬಾಲ್ ಮೇಲಿಂದ ಜಾರೋದು) ನಿಂತಿದೆ. ಈಗ ಎಲ್ಲರೂ ಲೋ ಡಿಫ್ಲೆಕ್ಷನ್ ಶಾಫ್ಟ್ ತಗೋ ಅಂತಾರೆ. ಅದರ ತುದಿ ಹಗುರ ಇರೋದ್ರಿಂದ ಬಾಲ್ ಕಮ್ಮಿ ಸರಿಯುತ್ತೆ ಅನ್ನೋದು ಗೊತ್ತು, ಆದ್ರೆ ಪೂರ್ತಿ ನಿಲ್ಲಲ್ವಲ್ಲ, ಟೂರ್ನಮೆಂಟ್ ಹತ್ರ ಇರೋವಾಗ ಬದಲಾಯಿಸಿದ್ರೆ ಇರೋ ಅಂದಾಜೂ ಹೋಗುತ್ತೇನೋ ಅಂತ ಭಯ.

ಬದಲಾಯಿಸಿದವರು ಯಾರಾದ್ರೂ ಇದ್ರೆ ಕೈ ಹೊಂದಿಕೊಳ್ಳೋಕೆ ಎಷ್ಟು ದಿನ ಹಿಡೀತು ಹೇಳಿ. ಇಲ್ಲಾಂದ್ರೆ ಈ ತಿಂಗಳು ಸ್ಪಿನ್ ಬಿಟ್ಟು ಬರೀ ಸ್ಟಾಪ್, ಫಾಲೋ, ಡ್ರಾ (ಬಡಿದ ಮೇಲೆ ಬಿಳಿ ಬಾಲ್ ನಿಲ್ಲಿಸೋದು, ಮುಂದಕ್ಕೆ ಕಳಿಸೋದು, ಹಿಂದಕ್ಕೆ ತರೋದು) ಮೇಲೇ ಪೊಸಿಷನ್ ಆಡೋದನ್ನ ಗಟ್ಟಿ ಮಾಡ್ಕೊಳ್ಲಾ? ದಿನಕ್ಕೆ ಒಂದು ಗಂಟೆ ಟೇಬಲ್ ಸಿಗುತ್ತೆ, ಅದರಲ್ಲಿ ಯಾವ ಡ್ರಿಲ್ ಮಾಡ್ಲಿ ಅಂತಾನೂ ತಿಳಿಸಿ ಪ್ಲೀಸ್.