ಸಮುದ್ರದಡಿ ಇರೋ ಬೇಸಿನ್‌ಗೂ "ಜಲಾನಯನ" ಅನ್ನೋದು ಸರೀನಾ?

ಎಲ್ರಿಗೂ ನಮಸ್ಕಾರ,

ಸಮುದ್ರದಲ್ಲಿ ಎಣ್ಣೆ, ಗ್ಯಾಸ್ ಹುಡುಕೋ ಸರ್ವೆ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ, ಸೆಡಿಮೆಂಟರಿ ಬೇಸಿನ್ ಹತ್ರ ಬಂದು ಗಾಡಿ ನಿಂತಿದೆ. ಕೆಜಿ ಬೇಸಿನ್ ಅಂದ್ರೆ ಪೇಪರ್‌ನೋರು ಕೃಷ್ಣಾ-ಗೋದಾವರಿ ಜಲಾನಯನ ಪ್ರದೇಶ ಅಂತ ಬರೆದುಬಿಡ್ತಾರೆ, ಅಂದ್ರೆ ನದಿಗೆ ನೀರು ಹರಿದು ಬರೋ ನೆಲ. 2002ರಲ್ಲಿ ಈ ಬೇಸಿನ್‌ನ ಡಿ6 ಬ್ಲಾಕಲ್ಲಿ ಗ್ಯಾಸ್ ಸಿಕ್ಕಿದ್ದು ಆಂಧ್ರದ ಆಚೆ ಆಳ ಸಮುದ್ರದಲ್ಲಿ, ಆದ್ರೆ ನಮಗೆ ಜಲಾನಯನ ಅನ್ನೋ ಪದ ಕೇಳಿದ ತಕ್ಷಣ ನೆನಪಾಗೋದು ಆಲಮಟ್ಟಿ ಮತ್ತೆ ನೀರು ಹಂಚಿಕೆ ಜಗಳ. ಕೊಳ್ಳ ಅಂದ್ರೂ ಅದೇ ಕತೆ.

ಅಸಲಿಗೆ ಸೆಡಿಮೆಂಟರಿ ಬೇಸಿನ್ ಅಂದ್ರೆ ತುಂಬಿಹೋಗಿರೋ ತಗ್ಗು. ಕೋಟ್ಯಂತರ ವರ್ಷ ನೆಲ ಕುಸೀತಾ ಹೋಗಿ, ಅದರೊಳಗೆ ಮರಳು, ಜೇಡಿ ಬಂದು ಕೂತು ಕೂತು ಕಿಲೋಮೀಟರ್‌ಗಟ್ಟಲೆ ದಪ್ಪ ಆಗಿರುತ್ತೆ, ಆದ್ರೆ ಮೇಲಿಂದ ಸಮುದ್ರದ ತಳ ಸಪಾಟಾಗೇ ಇರಬಹುದು. ಅದಕ್ಕೇ ಹಡಗಲ್ಲಿ ಗ್ರಾವಿಮೀಟರ್, ಅಂದ್ರೆ ಗುರುತ್ವ ಅಳೆಯೋ ಯಂತ್ರ ಇಟ್ಕೊಂಡು ತಿರುಗೋದು. ಅಡಿಯ ಗಟ್ಟಿ ಬಂಡೆಗಿಂತ ಮೆಕ್ಕಲು ಹಗುರ, ಹಾಗಾಗಿ ಅಲ್ಲಿ ಗುರುತ್ವ ಒಂಚೂರು ಕಮ್ಮಿ, ಗುರುತ್ವದ ಅಳತೆ ಮಿಲಿಗ್ಯಾಲ್‌ನಲ್ಲಿ ಹೇಳೋದಾದ್ರೆ ಒಟ್ಟು ಸುಮಾರು 9,80,000ದಲ್ಲಿ ಹತ್ತಾರು ಕಮ್ಮಿ ಅಷ್ಟೇ.

ನನಗೆ ತೋಚಿದ್ದು ಹಗೇವು. ಉತ್ತರ ಕರ್ನಾಟಕದೋರಿಗೆ ವಿವರಿಸೋದೇ ಬೇಡ, ನೆಲ ತೋಡಿ ಜೋಳ ತುಂಬಿ ಬಾಯಿ ಮುಚ್ಚಿದ್ಮೇಲೆ ಮೇಲಿಂದ ಬರೀ ಅಂಗಳ. "ಗಸಿಹಗೇವು" ಅಂದ್ರೆ ಹೇಗೆ? ಈಗಿನ ಹುಡುಗ್ರಿಗೆ ಹಗೇವೇ ಗೊತ್ತಿಲ್ಲ ಅನ್ನೋದು ಒಂದು ತಕರಾರು, ಮತ್ತೆ ಅದು ಮನುಷ್ಯರು ತೋಡಿದ್ದು. ಹಾಗಾದ್ರೆ "ಮೆಕ್ಕಲು ತಗ್ಗು"? ಹೂಳು ಬೇಡ, ಹೂಳು ಅಂದ್ರೆ ಕೆರೆಯಿಂದ ಎತ್ತಿಸೋದು ಅಂತಲೇ ತಲೇಲಿ ಕೂತಿದೆ.

ಇನ್ನು ಸೈಸ್ಮಿಕ್ ಸರ್ವೆನ "ಭೂಕಂಪನ ಸಮೀಕ್ಷೆ" ಅಂತ ಹಾಕಿದ್ರೆ ಓದೋರು ಗಾಬರಿ ಬೀಳ್ತಾರೆ. ಅಲ್ಲಿ ನಡೆಯೋದು ಇಷ್ಟು, ಹಡಗಿನ ಹಿಂದೆ ಏರ್‌ಗನ್ನಿಂದ ಒತ್ತಿಟ್ಟ ಗಾಳಿನ ಢಬ್ ಅಂತ ಬಿಡ್ತಾರೆ, ಪದರಗಳಿಗೆ ಬಡಿದು ವಾಪಸ್ ಬರೋ ಸದ್ದನ್ನ ಉದ್ದಕ್ಕೆ ಎಳ್ಕೊಂಡು ಹೋಗೋ ಕೇಬಲ್‌ನ ಹೈಡ್ರೋಫೋನ್‌ಗಳು (ನೀರೊಳಗಿನ ಮೈಕ್‌ಗಳು) ಹಿಡೀತವೆ. ಇದನ್ನ ಸೈಸ್ಮಿಕ್ ಅಂತಲೇ ಬಿಡ್ತೀನಿ.

ಬೇಸಿನ್‌ನ ಹಾಗೆ ಬಿಡೋಕೆ ಮನಸ್ಸಿಲ್ಲ, ಯಾಕಂದ್ರೆ ಲೇಖನದಲ್ಲಿ ನಮ್ಮ ಮಂಗಳೂರು-ಕಾರವಾರದ ಮುಂದಿರೋ ಕೇರಳ-ಕೊಂಕಣ ಬೇಸಿನ್ನೂ ಬರುತ್ತೆ, ಅಲ್ಲಿ ಡೆಕ್ಕನ್ ಲಾವಾ ಪದರ ಅಡ್ಡ ಇರೋ ಕಡೆ ಸದ್ದು ಚೆದುರಿಹೋಗಿ ಕೆಳಗಿನದು ಸರಿಯಾಗಿ ಕಾಣಲ್ಲ, ಗುರುತ್ವದ ಲೆಕ್ಕಾನೂ ಸೇರಿಸಿ ನೋಡ್ಬೇಕು. ಅದನ್ನ "ಕೇರಳ-ಕೊಂಕಣ ಜಲಾನಯನ" ಅಂತ ಬರೆದ್ರೆ, ಆ ಹೆಸರಿನ ನದಿ ಎಲ್ಲಿದೆ ಸ್ವಾಮಿ?

ಕನ್ನಡದಲ್ಲಿ ಭೂವಿಜ್ಞಾನ ಪಾಠ ಮಾಡೋರು ಯಾರಾದ್ರೂ ಇದ್ರೆ, ಕ್ಲಾಸಲ್ಲಿ ಇದಕ್ಕೆ ಏನಂತೀರಿ, ಸ್ವಲ್ಪ ತಿಳಿಸಿ.