ಸರ್ವಶಕ್ತ ಹೀರೋ, ಎರಡನೇ ಭಾಗ ಯಾಕೆ ಸಪ್ಪೆ?

ಹಾಸನದವ: ಮೊದಲ ಭಾಗದಲ್ಲೇ ಬೆಟ್ಟ ಎತ್ತಿದವನಿಗೆ ಆಮೇಲೆ ಏನು ಕೆಲಸ ಕೊಡೋದು? ವಿಲನ್ ಬಲ ಹೆಚ್ಚಿಸಿದ್ರೂ ಟೆನ್ಷನ್ ಬರಲ್ವಲ್ಲ?

ಕಾಫಿಗಿಡ, ಚಿಕ್ಕಮಗಳೂರು: ಬಲ ಹೆಚ್ಚಿಸೋದೇ ತಪ್ಪು. ಇಬ್ಬರಿಗೂ ಏಟು ತಾಗದಿದ್ರೆ ಫೈಟು ಬರೀ ಗೋಡೆ ಒಡೆಯೋ ಕೆಲಸ. 1980ರ ‘ಸೂಪರ್‌ಮ್ಯಾನ್ 2’ರಲ್ಲಿ ಅವನು ಪ್ರೇಯಸಿ ಲೋಯಿಸ್‌ಗೋಸ್ಕರ ಶಕ್ತಿ ಬಿಡ್ತಾನೆ, ಹೋಟೆಲಲ್ಲಿ ಮಾಮೂಲಿ ಮನುಷ್ಯನ ಕೈಲಿ ಒದೆ ತಿಂದು ತನ್ನ ರಕ್ತ ನೋಡ್ಕೊಳ್ತಾನೆ. ಚಿತ್ರಕ್ಕೆ ಜೀವ ಬರೋದೇ ಅಲ್ಲಿ. (ಶಕ್ತಿ ಅಷ್ಟು ಸಲೀಸಾಗಿ ವಾಪಸ್ ಬರೋದು ಮಾತ್ರ ಮೋಸ.)

ಹಾಸನದವ: ಶಕ್ತಿ ಕಿತ್ಕೊಳ್ಳದೇ ಆಗಲ್ವಾ?

ಬೇಲೂರಿನವ: ಆಗುತ್ತೆ ಮಾರಾಯ. ಆಯುಧ ಹಿಡಿಯಲ್ಲ ಅಂದ ಕೃಷ್ಣ ಭೀಷ್ಮನ ಮೇಲೆ ಚಕ್ರ ಎತ್ತಿದಾಗ ಮೈ ಜುಮ್ಮೆನ್ನೋದು ಆ ಮಾತಿನಿಂದಲೇ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಜಾರ್ತಿದೆ ಅನ್ನಿ, ನಿಮ್ಮ ಹೀರೋ ಹಿಡಿದು ನಿಲ್ಲಿಸ್ತಾನೆ, ಮುಗೀತು. ಒಳಗಿರೋರು ಅವನನ್ನೇ ನಂಬದೆ ಬಾಗಿಲು ಹಾಕ್ಕೊಂಡ್ರೆ? ನಂಬಿಸೋಕೆ ತೋಳ್ಬಲ ನಡೆಯಲ್ಲ.