ಎಪ್ಪತ್ತು ದಾಟಿದ ಅವ್ವನಿಗೆ ಇಸಿಟಿ (ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ) ಕೊಡಿಸಬಹುದಾ? ಅನುಭವ ಇದ್ದವರು ಹೇಳಿ

ಜಮಖಂಡಿಯಿಂದ ಕೇಳಿದ್ದು:
ಅವ್ವನಿಗೆ 72 ವರ್ಷ. ಅಪ್ಪ ತೀರಿಕೊಂಡ ಮೇಲೆ ಖಿನ್ನತೆ ಹತ್ತಿಕೊಂಡಿದೆ. ಊಟ ಬಿಟ್ಟಿದ್ದಾಳೆ. "ನನ್ನ ಕರುಳೆಲ್ಲಾ ಕೊಳೆತು ಹೋಗ್ಯಾವ" ಅಂತಾಳೆ. ಮಾತ್ರೆ ಬದಲಿಸಿ ನೋಡಿದ್ದಾಯಿತು, ಗುಣ ಕಾಣಲಿಲ್ಲ. ಈಗ ಡಾಕ್ಟರು ಇಸಿಟಿ ಕೊಡೋಣ ಅನ್ನುತ್ತಿದ್ದಾರೆ. ಮನೆಯಲ್ಲಿ ಎಲ್ಲರೂ "ಕರೆಂಟ್ ಕೊಟ್ರ ಇದ್ದ ಬುದ್ಧಿನೂ ಹೋಗ್ತದ" ಅಂತ ಹೆದರಿಸುತ್ತಾರೆ. ಈ ವಯಸ್ಸಿನವರಿಗೆ ಕೊಡಿಸಿದವರು ಇದ್ದೀರಾ? ಮೆದುಳಿಗೆ ಏನಾಗುತ್ತದೆ?

ವಿಜಯಪುರದಿಂದ:
ತಂಗಿ, ಹೆದರಬೇಡ್ರಿ. ನಮ್ಮ ಅಪ್ಪನಿಗೆ ಕೊಡಿಸಿದ್ದೇವೆ, ಅವರದೂ ಇದೇ ವಯಸ್ಸು. ದ್ರಾಕ್ಷಿ ತೋಟದ ಲೆಕ್ಕವನ್ನೆಲ್ಲಾ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ, ಬೆಳಿಗ್ಗೆ ಏನು ತಿಂದೆ ಅನ್ನುವುದನ್ನೂ ಹೇಳದಂತಾದರು. ಊರವರು ಅರಳು ಮರಳು ಅಂದರು. ಧಾರವಾಡದ ಡಾಕ್ಟರು ಹೇಳಿದ್ದು ಬೇರೆ. ವಯಸ್ಸಾದವರಲ್ಲಿ ಖಿನ್ನತೆ ಜೋರಾದರೆ ಗಮನ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ, ಮರೆವು ಅದರಿಂದಲೂ ಬರುತ್ತದೆ. ಖಿನ್ನತೆ ಇಳಿದರೆ ಆ ಮರೆವೂ ಇಳಿಯುತ್ತದೆ ಅಂದರು. ಹಾಗೇ ಆಯಿತು. ಒಣದ್ರಾಕ್ಷಿ ದರ ಎಷ್ಟಾಗಿದೆ ಅಂತ ಅವರೇ ಕೇಳಿದ ದಿನ ನಮ್ಮ ಅವ್ವ ಅತ್ತುಬಿಟ್ಟಳು.

ಈಗ ನೆನಪಿನ ವಿಷಯ ಬಿಡಿಸಿ ಹೇಳುತ್ತೇನೆ, ನಿಮ್ಮ ಮನೆಯವರ ಭಯ ಅದೇ ಅಲ್ವಾ. ಚಿಕಿತ್ಸೆ ನಡೆಯುವಾಗ ಹೊಸದು ತಲೆಯಲ್ಲಿ ನಿಲ್ಲುವುದಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಇದು ಮುಗಿದ ಕೆಲವು ವಾರಗಳಲ್ಲಿ ಸರಿಹೋಯಿತು. ಆದರೆ ಆಸ್ಪತ್ರೆಯ ದಿನಗಳು, ಅದಕ್ಕೂ ಸ್ವಲ್ಪ ಮುಂಚಿನ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮ, ಇವು ಮಾತ್ರ ಅಪ್ಪನ ನೆನಪಿಗೆ ಇನ್ನೂ ಬಂದಿಲ್ಲ. ಮದುವೆ, ಹೊಲ, ಹಳೆಯ ಗೆಳೆಯರು, ಎಲ್ಲಾ ಇದ್ದ ಹಾಗೇ ಇವೆ. ಫೋಟೋ ತೋರಿಸಿ ಕಥೆ ಹೇಳುತ್ತಿರುತ್ತೇವೆ.

ಸಿನಿಮಾದಲ್ಲಿ ತೋರಿಸುವಂತೆ ಕಟ್ಟಿಹಾಕಿ ಕೊಡುವುದಿಲ್ಲ. ನಿದ್ದೆ ಬರುವ ಇಂಜೆಕ್ಷನ್, ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊಟ್ಟ ಮೇಲೆಯೇ ಕರೆಂಟ್. ಅದೂ ಕೆಲವೇ ಸೆಕೆಂಡು. ಇವೆರಡೂ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಬೆಳಗಾವಿಯಿಂದ, ಸ್ಟಾಫ್ ನರ್ಸ್:
ಕರುಳು ಕೊಳೆತಿದೆ ಅನ್ನುವಂಥ ಭ್ರಮೆ ಸೇರಿದ ಖಿನ್ನತೆಗೆ ಇಸಿಟಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 60 ದಾಟಿದ 240 ಜನರಿಗೆ ತಲೆಯ ಬಲಭಾಗಕ್ಕೆ ಮಾತ್ರ ಕರೆಂಟ್ ಕೊಟ್ಟು, ಜೊತೆಗೆ ಒಂದು ಮಾತ್ರೆ ಕೊಟ್ಟು ನೋಡಿದರು. ನೂರಕ್ಕೆ ಸುಮಾರು 62 ಜನರಲ್ಲಿ ಖಿನ್ನತೆ ಪೂರ್ತಿ ಇಳಿಯಿತು. 2016ರಲ್ಲಿ ಅದು ಪ್ರಕಟವಾಯಿತು.

ಮೆದುಳು ಹಾಳಾಗುತ್ತದೆ ಅನ್ನುವುದಕ್ಕೆ ಸ್ಕ್ಯಾನ್‌ಗಳಲ್ಲಿ ಪುರಾವೆ ಸಿಕ್ಕಿಲ್ಲ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗ ಇಸಿಟಿ ನಂತರ ಸ್ವಲ್ಪ ದಿನ ದೊಡ್ಡದಾಗುತ್ತದೆ, ಕುಗ್ಗುವುದಿಲ್ಲ. ಡೆನ್ಮಾರ್ಕ್‌ನಲ್ಲಿ 1 ಲಕ್ಷ 68 ಸಾವಿರ ರೋಗಿಗಳ ದಾಖಲೆ ನೋಡಿದಾಗಲೂ ಇಸಿಟಿ ಪಡೆದವರಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಜಾಸ್ತಿ ಬಂದಿದ್ದು ಕಾಣಲಿಲ್ಲ.

ಕರೆಂಟಿನಿಂದ ಸ್ವಲ್ಪ ಹೊತ್ತು ಫಿಟ್ಸ್ ಬರಿಸುವುದೇ ಈ ಚಿಕಿತ್ಸೆ. ಆದರೆ ವಯಸ್ಸಾದವರಲ್ಲಿ ಫಿಟ್ಸ್ ಬರಲು ಹೆಚ್ಚು ಕರೆಂಟ್ ಬೇಕಾಗುತ್ತದೆ. ಹಾಗಾಗಿ ಒಂದೇ ಬದಿಗೋ ಎರಡೂ ಬದಿಗೋ ಅಂತ ತಪ್ಪದೆ ಕೇಳಿ. ಒಂದೇ ಬದಿಗೆ ಕೊಟ್ಟರೆ ಮರೆವು ಕಡಿಮೆ. ಗೊಂದಲ ಜಾಸ್ತಿಯಾದರೆ ವಾರಕ್ಕೆ ಮೂರು ಕೊಡುವುದನ್ನು ಎರಡಕ್ಕೆ ಇಳಿಸುತ್ತಾರೆ. ಕರೆಂಟ್ ಕೊಡುವ ಹೊತ್ತಿಗೆ ಬಿಪಿ, ನಾಡಿ ಏರುತ್ತವೆ, ಆದ್ದರಿಂದ ಹೃದಯದ ತಪಾಸಣೆ ಬಿಡಬೇಡಿ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದು ಫಿಟ್ಸ್ ಬರದಂತೆ ತಡೆಯುತ್ತದೆ. ಕಟ್ಟಿಸಿದ ಹಲ್ಲು ಇದ್ದರೆ ತೆಗೆದಿಡಿ.

ಬಾಗಲಕೋಟೆಯಿಂದ:
ನಾನು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಮ್ಮ ಚಿಗವ್ವ ನಿವೃತ್ತ ಶಿಕ್ಷಕಿ. ಎರಡೂ ಬದಿಗೆ ಕೊಟ್ಟಿದ್ದರು. ಇಸಿಟಿಯೇ ಆಕೆಯನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ನೀರೂ ಬಿಟ್ಟಿದ್ದಳು. ಆದರೆ ಚಿಕಿತ್ಸೆಗೆ ಮುಂಚಿನ ಹಲವು ತಿಂಗಳು ನೆನಪಿಲ್ಲ, ಅದು ಆಕೆಗೆ ಬಹಳ ನೋವು. "ಏನೂ ಆಗಂಗಿಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಶುರು ಮಾಡುವ ಮುಂಚೆ ನೆನಪಿನ ಪರೀಕ್ಷೆ ಮಾಡಿಸಿ ಬರೆದಿಡಿಸಿ. ಇಲ್ಲದಿದ್ದರೆ ಆಮೇಲೆ ಯಾವುದು ಖಿನ್ನತೆಯ ಮರೆವು, ಯಾವುದು ಇಸಿಟಿಯದು ಅಂತ ತಿಳಿಯುವುದೇ ಇಲ್ಲ. ಬ್ಯಾಂಕ್ ಕಾಗದ, ಹೊಲದ ಪಹಣಿ ಎಲ್ಲಿಟ್ಟಿದ್ದಾರೆ ಅನ್ನುವುದನ್ನೂ ಮೊದಲೇ ಕೇಳಿ ಬರೆದುಕೊಳ್ಳಿ.

ಮತ್ತೆ, ಗುಣವಾದ ಮೇಲೆ ಮಾತ್ರೆ ನಿಲ್ಲಿಸಬೇಡಿ. ಮೊದಲ ಆರು ತಿಂಗಳಲ್ಲಿ ಖಿನ್ನತೆ ತಿರುಗಿ ಬರುವುದು ಜಾಸ್ತಿ. ಚಿಗವ್ವನಿಗೆ ಬಂತು. ಆಮೇಲೆ ಲಿಥಿಯಂ ಮಾತ್ರೆ ಜೊತೆಗೆ ತಿಂಗಳಿಗೊಂದು ಇಸಿಟಿ ಕೊಟ್ಟು ಅದು ಮತ್ತೆ ಬರದಂತೆ ತಡೆದರು.

ಜಮಖಂಡಿಯಿಂದ:
ಎಲ್ಲರಿಗೂ ಶರಣು. ಪರೀಕ್ಷೆಯ ಮಾತು, ಒಂದೇ ಬದಿಯ ಮಾತು ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೆ. ಇನ್ನೊಂದು ಕೇಳುವುದಿದೆ. ಅವ್ವನಿಗೆ ಹಿಂದೆ ಸಣ್ಣದಾಗಿ ಲಕ್ವ ಹೊಡೆದಿತ್ತು. ಕೈ ಈಗ ಸರಿಯಿದೆ. ಅದು ಅಡ್ಡಿಯಾಗುತ್ತದಾ?

ಬೆಳಗಾವಿಯಿಂದ, ಸ್ಟಾಫ್ ನರ್ಸ್:
ಹಳೆಯದಾದರೆ ಅಷ್ಟಕ್ಕೇ ಬೇಡ ಅನ್ನುವುದಿಲ್ಲ. ಇತ್ತೀಚಿನದಾದರೆ ಕಾಯುತ್ತಾರೆ. ಯಾವಾಗ ಆಯಿತು ಅನ್ನುವುದನ್ನು ಡಾಕ್ಟರಿಗೂ ಅರಿವಳಿಕೆ ಕೊಡುವವರಿಗೂ ಇಬ್ಬರಿಗೂ ಹೇಳಿ, ಆಗಿನ ಸಿಟಿ ಸ್ಕ್ಯಾನ್ ಫಿಲ್ಮ್ ಮನೆಯಲ್ಲಿದ್ದರೆ ಒಯ್ಯಿರಿ. ಹೊಸದು ಬೇಕಾದರೆ ಅವರೇ ಬರೆದುಕೊಡುತ್ತಾರೆ. ಅಲ್ಲಿಯವರೆಗೆ ಅವ್ವನಿಗೆ ಗಂಜಿ, ಮಜ್ಜಿಗೆ ಏನಾದರೂ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳಿ. ನೀರನ್ನೂ ಬಿಟ್ಟರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಸೇರಿಸಿ.